ಸಿಡಿಲಿಗೆ ಲ್ಯಾನ್ ಪೋರ್ಟ್ ಹೋದ ಲಿನಕ್ಸ್ ಕಂಪ್ಯೂಟರಿಗೆ ಟಿಪಿ-ಲಿಂಕ್ ಯುಇ300

ಡೆಸ್ಕ್‌ಟಾಪಿನ ಲ್ಯಾನ್ ಪೋರ್ಟ್ (ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ) ನಿಜವಾಗಿಯೂ ಸತ್ತಿದ್ದರೆ ಟಿಪಿ-ಲಿಂಕ್ ಯುಇ300 ಧೈರ್ಯವಾಗಿ ಕೊಳ್ಳಬಹುದಾದ ವಸ್ತು. ಬಿಳಿ ಬಣ್ಣದ ಪುಟ್ಟ ಯುಎಸ್‌ಬಿ ಅಡಾಪ್ಟರ್, ಒಂದು ತುದಿಯಲ್ಲಿ ಗಿಗಾಬಿಟ್ (1000 ಎಂಬಿಪಿಎಸ್) ಲ್ಯಾನ್ ಪೋರ್ಟ್, ಇನ್ನೊಂದು ತುದಿಯಲ್ಲಿ ಮಡಚಿಡಬಹುದಾದ ಗಿಡ್ಡ ಯುಎಸ್‌ಬಿ 3.0 ವಯರು. ಲಿನಕ್ಸಿನಲ್ಲಿ ಡ್ರೈವರ್ ಹುಡುಕುವ ಕೆಲಸವಿಲ್ಲ, ಸಿಕ್ಕಿಸಿದ ಕೂಡಲೇ ನಡೆಯುತ್ತದೆ. ಆದರೆ ಪೋರ್ಟ್ ಸತ್ತಿದೆಯೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಪೋರ್ಟ್ ಹೋಯಿತು ಎಂದು ತೀರ್ಮಾನಿಸಿದ ಎಷ್ಟೋ ಕಂಪ್ಯೂಟರುಗಳಲ್ಲಿ ಹಾಳಾಗಿರುವುದು ಕೇಬಲ್ಲಿನ ತುದಿ, ಇಲ್ಲವೇ ಮೋಡೆಮಿನ ಪೋರ್ಟ್. ಅಂಥಲ್ಲಿ ಈ ಅಡಾಪ್ಟರ್ ಕೊಂಡರೂ ಇಂಟರ್ನೆಟ್ ಬರುವುದಿಲ್ಲ.

ಕಾಸರಗೋಡು ಕಡೆಯಲ್ಲಿ ಈ ತೊಂದರೆ ಹೆಚ್ಚು. ಎಪ್ರಿಲ್-ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚೆ, ಆಮೇಲೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಮಳೆಯಲ್ಲಿ ಗುಡುಗು ಸಿಡಿಲಿನ ಹಾವಳಿ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಯಾರಿಗೂ ಹೊಸತಲ್ಲ. ಇಲ್ಲಿ ಲಿನಕ್ಸ್ ಕಂಪ್ಯೂಟರುಗಳೂ ಹೆಚ್ಚು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಉಬುಂಟು ಆಧಾರದ ಕೈಟ್ ಗ್ನು/ಲಿನಕ್ಸಿನಲ್ಲಿ (ಕೈಟ್ ಎಂದರೆ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳದ ಸರಕಾರಿ ಸಂಸ್ಥೆ), ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವುದು ಅದರಲ್ಲೇ. ಹಾಗಾಗಿ ಮಾಸ್ಟ್ರ ಮನೆಯಲ್ಲೂ ಮಕ್ಕಳ ಮನೆಯಲ್ಲೂ ಅದೇ ಇರುತ್ತದೆ. ಇಂಟರ್ನೆಟ್ ನಿಂತ ಕೂಡಲೇ “ಲಿನಕ್ಸ್ ತೆಗೆದು ವಿಂಡೋಸ್ ಹಾಕಿ” ಎನ್ನುವ ಸಲಹೆ ಬರುವುದುಂಟು. ಸುಟ್ಟ ಚಿಪ್ ವಿಂಡೋಸಿನಲ್ಲೂ ಸುಟ್ಟದ್ದೇ.

ಫೈಬರ್ ಬಂದ ಮೇಲೆ ಸಿಡಿಲಿನ ಹೆದರಿಕೆ ಇಲ್ಲ ಎಂಬುದೂ ತಪ್ಪು ತಿಳಿವಳಿಕೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಸರಿ. ಆದರೆ ಮೋಡೆಮಿನ ಪವರ್ ಅಡಾಪ್ಟರ್ ಕೆಎಸ್‌ಇಬಿಯ ಕರೆಂಟು ಲೈನಿಗೆ ಸಿಕ್ಕಿಸಿದೆ, ಮೋಡೆಮಿನಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ಕೇಬಲ್. ಕಂಬದಿಂದ ಮನೆಗೆ ಎಳೆದ ಫೈಬರಿನಲ್ಲೂ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು. ಲ್ಯಾನ್ ಪೋರ್ಟಿನ ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರನ್ನು 1500 ವೋಲ್ಟ್ ತಡೆದುಕೊಳ್ಳುವ ಲೆಕ್ಕದಲ್ಲಿ ಮಾಡಿರುತ್ತಾರೆ. ಸಮೀಪದಲ್ಲಿ ಸಿಡಿಲು ಬಡಿದಾಗ ತಂತಿಯಲ್ಲಿ ಏಳುವ ವೋಲ್ಟೇಜಿಗೆ ಅದು ಏನೇನೂ ಸಾಲದು.

ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಗೆ ಅರ್ಧ ಗಂಟೆ ಬೇಡ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಪವರ್ ಬಟನ್ನನ್ನು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ. ಸ್ವಿಚ್ ಆಫ್ ಮಾಡಿದ ಕಂಪ್ಯೂಟರಿನಲ್ಲೂ ಲ್ಯಾನ್ ಚಿಪ್ಪಿಗೆ ಸ್ವಲ್ಪ ಕರೆಂಟು ಹೋಗುತ್ತಲೇ ಇರುತ್ತದೆ, ಹಾಗಾಗಿ ಬರೀ ರೀಸ್ಟಾರ್ಟ್ ಮಾಡಿದರೆ ಸಿಕ್ಕಿಬಿದ್ದ ಚಿಪ್ ಬಿಡಿಸಿಕೊಳ್ಳುವುದಿಲ್ಲ. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಕಂಪ್ಯೂಟರಿನಲ್ಲಿ ವಿಂಡೋಸ್ ಚಿಪ್ಪನ್ನು ನಿದ್ದೆಗೆ ಹಾಕಿ ಹೋಗಿ, ಲಿನಕ್ಸಿನಲ್ಲಿ ಅದು ಏಳದೆ ಇರುವುದೂ ಉಂಟು. ಅದಕ್ಕೂ ಇದೇ ಮದ್ದು. ಜೊತೆಗೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಬೇಕು.

ಆಮೇಲೆ ಕೇಬಲ್ಲನ್ನು ಮೋಡೆಮಿನ ಬೇರೆ ಪೋರ್ಟಿಗೆ ಹಾಕಿ ನೋಡಿ. ಸಿಡಿಲಿಗೆ ಹೋದದ್ದು ಮೋಡೆಮಿನ ಒಂದನೇ ಪೋರ್ಟ್ ಮಾತ್ರ ಆಗಿರಬಹುದು. ಅದೂ ಆಗದಿದ್ದರೆ ಚೆನ್ನಾಗಿದೆ ಎಂದು ಗೊತ್ತಿರುವ ಗಿಡ್ಡ ಕೇಬಲ್ ಹಾಕಿ. ಇಷ್ಟಾದ ಮೇಲೆ ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಎಂದು ಕೊಟ್ಟರೆ ಬರುವ ಪಟ್ಟಿಯಲ್ಲಿ ‘ಈಥರ್ನೆಟ್ ಕಂಟ್ರೋಲರ್’ ಎಂಬ ಸಾಲು ಹುಡುಕಿ. ಸಾಲೇ ಇಲ್ಲ, ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗು) ಆನ್‌ಬೋರ್ಡ್ ಲ್ಯಾನ್ ಎನೇಬಲ್ ಆಗಿಯೇ ಇದೆ ಎಂದಾದರೆ ಚಿಪ್ ಸತ್ತಿದೆ. ಸಾಲು ಇದ್ದರೆ ‘ಐಪಿ ಲಿಂಕ್’ ಕೊಡಿ. ‘ನೋ-ಕ್ಯಾರಿಯರ್’ ಎಂದು ತೋರಿಸಿದರೆ ಚಿಪ್ಪಿಗೆ ಜೀವ ಇದೆ, ಎದುರಿನ ತುದಿ ಕಾಣಿಸುತ್ತಿಲ್ಲ ಎಂದರ್ಥ: ಕೇಬಲ್, ಮೋಡೆಮಿನ ಪೋರ್ಟ್, ಅಥವಾ ಇದೇ ಪೋರ್ಟಿನ ಟ್ರಾನ್ಸ್‌ಫಾರ್ಮರ್, ಮೂರರಲ್ಲಿ ಒಂದು. ‘ಲೋವರ್-ಅಪ್’ (LOWER_UP) ಎಂದಿದ್ದೂ ಇಂಟರ್ನೆಟ್ ಇಲ್ಲದಿದ್ದರೆ ‘ಐಪಿ -ಎಸ್ ಲಿಂಕ್’ ಅನ್ನು ಹತ್ತು ಸೆಕೆಂಡು ಬಿಟ್ಟು ಎರಡು ಸಲ ಕೊಡಿ. ಟಿಎಕ್ಸ್ (ಕಳಿಸಿದ್ದು) ಏರುತ್ತಾ ಹೋಗಿ ಆರ್‌ಎಕ್ಸ್ (ಬಂದದ್ದು) ಸೊನ್ನೆಯಲ್ಲೇ ನಿಂತಿದ್ದರೆ ಪೋರ್ಟ್ ಅರ್ಧ ಸತ್ತಿರುವ ಸಂಶಯ ಗಟ್ಟಿ. ದೀಪ ಉರಿಯುತ್ತದೆ, ಕಳಿಸುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಯುಇ300 ಒಳಗಿರುವುದು ರಿಯಲ್‌ಟೆಕ್ ಕಂಪೆನಿಯ ಆರ್‌ಟಿಎಲ್8153 ಚಿಪ್. ಅದರ ಡ್ರೈವರ್ ‘ಆರ್8152’ ಲಿನಕ್ಸ್ ಕರ್ನೆಲಿನಲ್ಲೇ (ಲಿನಕ್ಸಿನ ತಿರುಳಿನಲ್ಲೇ) ಇದೆ. ಉಬುಂಟು 22.04 ಆಧಾರದ ಕೈಟ್ 22.04ರಲ್ಲಿ ಏನನ್ನೂ ಸೇರಿಸಬೇಕಾಗಿಲ್ಲ. ಅಂತರ್ಜಾಲದಿಂದ ಡ್ರೈವರಿನ ಮೂಲ ಇಳಿಸಿ ಕಂಪೈಲ್ ಮಾಡುವ ಸಾಹಸ ಬೇಡ, ಕರ್ನೆಲ್ ಅಪ್‌ಡೇಟ್ ಆದ ಮಾರನೇ ದಿನ ಅದು ಕೈಕೊಡುತ್ತದೆ. ‘ಎಲ್‌ಎಸ್‌ಯುಎಸ್‌ಬಿ’ ಕೊಟ್ಟರೆ 2357:0601 ಎಂಬ ಗುರುತು ಕಾಣಿಸಬೇಕು. ‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಟ್ಟರೆ ಡ್ರೈವರಿನ ಹೆಸರೂ ವೇಗವೂ ಒಟ್ಟಿಗೆ ಕಾಣುತ್ತವೆ. 5000ಎಂ ಎಂದಿದ್ದರೆ ಯುಎಸ್‌ಬಿ 3 ಸಿಕ್ಕಿದೆ. 480ಎಂ ಎಂದಿದ್ದರೆ ಯುಎಸ್‌ಬಿ 2ರಲ್ಲಿದೆ, ಪೂರ್ತಿ ಗಿಗಾಬಿಟ್ ಸಿಗದು, ಸುಮಾರು 300 ಎಂಬಿಪಿಎಸ್‌ಗೆ ನಿಲ್ಲುತ್ತದೆ. ಮನೆಯ ಪ್ಲ್ಯಾನ್ 100 ಎಂಬಿಪಿಎಸ್ ಆಗಿದ್ದರೆ ಅದರಿಂದ ನಷ್ಟವೇನೂ ಇಲ್ಲ. ಹಳೆಯ ಡೆಸ್ಕ್‌ಟಾಪ್ ಇರುವವರು ಇದೊಂದಕ್ಕಾಗಿ ಹಿಂಜರಿಯಬೇಕಾಗಿಲ್ಲ. ಯುಎಸ್‌ಬಿ 3ರ ನೀಲಿ ಪೋರ್ಟ್ ಇದ್ದರೆ ಹಿಂಬದಿಯದ್ದನ್ನೇ ಬಳಸಿ. ಮುಂಬದಿಯ ಪೋರ್ಟಿಗೆ ಕಂಪ್ಯೂಟರಿನ ಡಬ್ಬದೊಳಗೆ ಇನ್ನೊಂದು ವಯರು ಹಾದು ಬರುತ್ತದೆ, ಅಲ್ಲಿ ಸಡಿಲವಿದ್ದರೆ ಅಡಾಪ್ಟರ್ ಆಗಾಗ ಬಿಟ್ಟುಹೋಗುತ್ತದೆ. ಯುಎಸ್‌ಬಿ 3ರಲ್ಲಿ ಕೇಬಲ್ಲೂ ಸರಿಯಿದ್ದರೆ ವೇಗ ಅಳೆಯುವ ‘ಐಪರ್ಫ್3’ ತಂತ್ರಾಂಶದ ಅಳತೆಯಲ್ಲಿ 940 ಎಂಬಿಪಿಎಸ್ ಆಸುಪಾಸು ಬರಬೇಕು. ಗಿಗಾಬಿಟ್ ಲೈನಿನಲ್ಲಿ ನಿಜವಾಗಿ ಸಿಗುವುದು ಅಷ್ಟೇ.

ಈ ಅಡಾಪ್ಟರಿನ ಇನ್ನೊಂದು ಉಪಯೋಗ ಪ್ಯಾಕೆಟ್ಟಿನ ಮೇಲೆ ಬರೆದಿಲ್ಲ. ಇದು ಒಳ್ಳೆಯ ಪರೀಕ್ಷಾ ಸಾಧನ. ಹಳೆಯ ಪೋರ್ಟಿನಲ್ಲಿ 100 ತೋರಿಸುತ್ತಿದ್ದ ಕೇಬಲ್ಲನ್ನು ಇದಕ್ಕೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ವೇಗ ನೋಡಿ. 1000 ಬಂದರೆ ತಪ್ಪು ಹಳೆಯ ಪೋರ್ಟಿನದ್ದು. ಇಲ್ಲಿಯೂ 100 ಬಂದರೆ ಕೇಬಲ್ಲಿನದ್ದು, ಇಲ್ಲವೇ ಮೋಡೆಮಿನ ಆ ಪೋರ್ಟೇ 100ರದ್ದು.

ಕೇಬಲ್ಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. 100 ಎಂಬಿಪಿಎಸ್‌ಗೆ ಎಂಟು ಎಳೆಗಳಲ್ಲಿ ನಾಲ್ಕು ಸಾಕು: 1, 2, 3, 6. ಗಿಗಾಬಿಟ್ಟಿಗೆ ಎಂಟೂ ಬೇಕು. ಹಾಗಾಗಿ 4, 5, 7, 8ರಲ್ಲಿ ಒಂದು ಕಡಿದರೆ ಹೆಚ್ಚಾಗಿ ಇಂಟರ್ನೆಟ್ ನಿಲ್ಲುವುದಿಲ್ಲ, ವೇಗ ಮಾತ್ರ ಬೀಳುತ್ತದೆ. ಎರಡೂ ತುದಿಯಲ್ಲಿ ಬಣ್ಣದ ಕ್ರಮ ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯನ್ನು 3 ಮತ್ತು 6ಕ್ಕೆ ಸೀಳಿ ಹಾಕಿರುವುದು ಕೈತಪ್ಪಿನಿಂದಲ್ಲ, ಅದು ಹಾಗೆಯೇ ಇರಬೇಕು. ಜೋಡಿ ಜೋಡಿಯಾಗಿ ಸಾಲಾಗಿ ಇಟ್ಟು ಕ್ರಿಂಪ್ ಮಾಡಿದ ಕೇಬಲ್ಲಿನಲ್ಲಿ ಟೆಸ್ಟರಿನ ದೀಪ 1ರಿಂದ 8ರವರೆಗೆ ಚಂದವಾಗಿ ಉರಿಯುತ್ತದೆ, ಯಾಕೆಂದರೆ ಆ ಟೆಸ್ಟರ್ ತಂತಿ ಮುಟ್ಟುತ್ತದೆಯೇ ಎಂದಷ್ಟೇ ನೋಡುವುದು. ಆದರೆ ಒಂದೇ ಜೋಡಿಯಾಗಿ ಹೆಣೆದುಕೊಂಡು ಓಡಬೇಕಾದ 3 ಮತ್ತು 6 ಬೇರೆ ಬೇರೆ ಜೋಡಿಗೆ ಬಿದ್ದಿರುತ್ತವೆ. ಕೇಬಲ್ ಗಿಡ್ಡವಿದ್ದರೆ ಹೇಗೋ ನಡೆಯುತ್ತದೆ. ಉದ್ದವಾದಂತೆ ಲಿಂಕ್ ಬರುವುದು, ಹೋಗುವುದು, ವೇಗ ಬೀಳುವುದು ಶುರು.

ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಎಂಟೂ ಎಳೆಗಳ ಕೊನೆ ಎದುರಿನ ಗೋಡೆಗೆ ಮುಟ್ಟಿರಬೇಕು. ಹೊರಗಿನ ಬೂದು ಸಿಪ್ಪೆ ಕನೆಕ್ಟರಿನ ಒಳಗೇ ಕಚ್ಚಿಕೊಂಡಿರಬೇಕು. ಚಿನ್ನದ ಬಣ್ಣದ ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ಉಜ್ಜುತ್ತಾ ಕೂರಬೇಡಿ, ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಇಲ್ಲಿನ ಮಳೆಗಾಲದ ತೇವಕ್ಕೆ, ಕರಾವಳಿಯ ಉಪ್ಪುಗಾಳಿಗೆ ಅದು ಮತ್ತೆ ಬರುತ್ತದೆ. ಕೇಬಲ್ ಕೊಳ್ಳುವಾಗ ‘ಸಿಸಿಎ’ ಎಂದು ಬರೆದಿದ್ದರೆ ಬಿಟ್ಟುಬಿಡಿ. ಅದು ಅಲ್ಯೂಮಿನಿಯಮ್ ತಂತಿಗೆ ತಾಮ್ರದ ಲೇಪ ಕೊಟ್ಟದ್ದು, ಮತ್ತೆ ಮತ್ತೆ ಮಡಚಿದರೆ ಒಳಗೇ ಮುರಿಯಬಹುದು. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಹೊಳೆಯುತ್ತದೆ, ಶುದ್ಧ ತಾಮ್ರ ಕೆಂಪಾಗಿಯೇ ಇರುತ್ತದೆ. ಕ್ಯಾಟ್-5ಇ ಶುದ್ಧ ತಾಮ್ರದ ಕೇಬಲ್ ಮನೆಗೆ ಸಾಕು, ಉದ್ದ ನೂರು ಮೀಟರ್ ಮೀರಬಾರದು. ಮನೆಯಿಂದ ಅಡಿಕೆ ತೋಟದ ಶೆಡ್ಡಿಗೆ ಮರದಿಂದ ಮರಕ್ಕೆ ಲ್ಯಾನ್ ಕೇಬಲ್ ಎಳೆಯಲೇಬೇಡಿ. ಅಳಿಲು ಕಡಿಯುವುದು ಆಮೇಲಿನ ಮಾತು, ಬಯಲಲ್ಲಿ ಹಾದುಹೋಗುವ ತಾಮ್ರ ಸಿಡಿಲಿನ ವೋಲ್ಟೇಜನ್ನು ಎರಡೂ ಕಟ್ಟಡಕ್ಕೆ ತರುತ್ತದೆ. ಅಲ್ಲಿಗೆ ಫೈಬರ್ ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನಿಗೆ ಬದಲಿಸುವ ಪೆಟ್ಟಿಗೆ) ಇಡುವುದೇ ಸರಿ.

ಅಡಾಪ್ಟರ್ ಹಾಕಿದ ಮೇಲೂ ಇಂಟರ್ನೆಟ್ ಬಾರದಿದ್ದರೆ ಹೆಚ್ಚಾಗಿ ಕಾರಣ ಹೆಸರು ಬದಲಾದದ್ದು. ಹಳೆಯ ಪೋರ್ಟಿನ ಹೆಸರು ‘ಇಎನ್‌ಪಿ3ಎಸ್0’ ತರಹದ್ದು. ಹೊಸತು ‘ಇಎನ್‌ಎಕ್ಸ್’ ಎಂದು ಶುರುವಾಗಿ, ಅಡಾಪ್ಟರಿನ ಮ್ಯಾಕ್ ವಿಳಾಸದ (ಪ್ರತಿ ಪೋರ್ಟಿಗೂ ಇರುವ ಗುರುತು ಸಂಖ್ಯೆಯ) ಹನ್ನೆರಡು ಅಕ್ಷರ ಸೇರಿ ಉದ್ದಕ್ಕೆ ಬರುತ್ತದೆ. ಹಳೆಯ ಹೆಸರಿಗೆ ಮಾಡಿಟ್ಟ ಸ್ಥಿರ ಐಪಿ, ಡಿಎನ್‌ಎಸ್ (ಸೈಟಿನ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ), ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ವಿಧಾನ) ಸೆಟ್ಟಿಂಗು ಇದಕ್ಕೆ ತಾನಾಗಿ ಬರುವುದಿಲ್ಲ, ಮತ್ತೆ ತುಂಬಿಸಬೇಕು. ಕೆಲವು ಕೇಬಲಿನವರು ಗ್ರಾಹಕರ ಮ್ಯಾಕ್ ವಿಳಾಸವನ್ನು ತಮ್ಮಲ್ಲಿ ಕಟ್ಟಿಟ್ಟಿರುತ್ತಾರೆ. ಅಂಥಲ್ಲಿ ಲೈನನ್ನು ನೇರ ಕಂಪ್ಯೂಟರಿಗೆ ಹಾಕಿದ್ದರೆ ಲಿಂಕ್ ಬರುತ್ತದೆ, ಐಪಿ ಬರುವುದಿಲ್ಲ. 45 ಸೆಕೆಂಡು ಸುತ್ತಿ ‘ಕನೆಕ್ಷನ್ ಫೇಲ್ಡ್’ ಎಂದು ನಿಲ್ಲುತ್ತದೆ. ಫೋನು ಮಾಡಿ ಹೊಸ ಮ್ಯಾಕ್ ಬರೆಸಿಕೊಳ್ಳಿ. ಅದಾಗದ ಹೊತ್ತಿನಲ್ಲಿ ಸೆಟ್ಟಿಂಗ್ಸ್‌ನ ಐಡೆಂಟಿಟಿ ಪುಟದಲ್ಲಿ ‘ಕ್ಲೋನ್ಡ್ ಅಡ್ರೆಸ್’ ಜಾಗದಲ್ಲಿ ಹಳೆಯ ಪೋರ್ಟಿನ ಮ್ಯಾಕ್ ಹಾಕಿದರೆ ನಡೆಯುತ್ತದೆ.

ಐಪಿ ಬಂದಿದೆ, 8.8.8.8ಕ್ಕೆ ಪಿಂಗ್ ಹೋಗುತ್ತದೆ, ಹೆಸರು ಕೊಟ್ಟರೆ ತೆರೆಯುವುದಿಲ್ಲ ಎಂದಾದರೆ ಡಿಎನ್‌ಎಸ್ ನೋಡಿ. ಕೆಲವು ಸೈಟು ತೆರೆದು ಕೆಲವು ಸುತ್ತುತ್ತಲೇ ಇದ್ದರೆ, ಅದರಲ್ಲೂ ಕಂಪ್ಯೂಟರಿನಿಂದಲೇ ಪಿಪಿಪಿಒಇ ಡಯಲ್ ಮಾಡುವಲ್ಲಿ, ಎಂಟಿಯು (ಒಂದು ಸಲಕ್ಕೆ ಹೋಗುವ ಪೊಟ್ಟಣದ ಗರಿಷ್ಠ ಗಾತ್ರ) 1492 ಇದೆಯೇ ನೋಡಿ. ‘ಪಿಂಗ್ -ಎಂ ಡು -ಎಸ್ 1464 8.8.8.8’ (ping -M do -s 1464 8.8.8.8) ದಾಟಬೇಕು, 1465 ದಾಟಬಾರದು.

ಬಿಟ್ಟು ಬಿಟ್ಟು ಬರುವ ತೊಂದರೆಗೆ ‘ಸುಡೊ ಡಿಮೆಸ್ಗ್ -ಡಬ್ಲ್ಯು’ (sudo dmesg -w) ತೆರೆದಿಟ್ಟು ಕಾಯಿರಿ. ಹೋಗುವಾಗ ‘ಯುಎಸ್‌ಬಿ ಡಿಸ್ಕನೆಕ್ಟ್’ ಎಂದು ಬಂದರೆ ತಪ್ಪು ಕಂಪ್ಯೂಟರಿನ ಕಡೆಯದ್ದು: ಸಡಿಲ ಪೋರ್ಟ್, ಪವರ್ ಇಲ್ಲದ ಹಬ್, ಅಥವಾ ಟಿಎಲ್‌ಪಿಯಂಥ ವಿದ್ಯುತ್ ಉಳಿಸುವ ತಂತ್ರಾಂಶ ಅಡಾಪ್ಟರನ್ನು ಮಲಗಿಸುವುದು. ಡೆಸ್ಕ್‌ಟಾಪಿಗೆ ಟಿಎಲ್‌ಪಿ ಬೇಕಾಗಿಯೇ ಇಲ್ಲ, ತೆಗೆಯಿರಿ. ‘ಕ್ಯಾರಿಯರ್ ಆಫ್’ ಎಂದು ಬಂದರೆ ಕೇಬಲ್ಲಿನ ಕಡೆ ಹೋಗಿ.

ಕೊರತೆಗಳೂ ಇವೆ. ವಯರು ತೀರಾ ಗಿಡ್ಡ. ಟವರಿನ ಹಿಂದೆ ಅಡಾಪ್ಟರ್ ನೇತಾಡುತ್ತದೆ, ದಪ್ಪ ಕೇಬಲ್ಲಿನ ಭಾರ ಪೂರ್ತಿ ಯುಎಸ್‌ಬಿ ಪೋರ್ಟಿನ ಮೇಲೆ ಬೀಳುತ್ತದೆ. ಕೇಬಲ್ಲನ್ನು ಡಬ್ಬಕ್ಕೆ ಒಂದು ಟೈ ಹಾಕಿ ಕಟ್ಟಿಬಿಡಿ. ಸತತ ಬಳಕೆಯಲ್ಲಿ ಮೈ ಬಿಸಿಯಾಗುತ್ತದೆ, ಅದರಿಂದ ಕೆಲಸ ನಿಲ್ಲುವುದಿಲ್ಲ. ನೆಟ್‌ವರ್ಕಿನಿಂದ ಬೂಟ್ ಮಾಡಿಸುವ ಲ್ಯಾಬಿಗೆ ಇದು ತಕ್ಕದ್ದಲ್ಲ, ಹಳೆಯ ಬಯಾಸ್ ಇದನ್ನು ಗುರುತಿಸುವುದಿಲ್ಲ. ಅಲ್ಲಿಗೂ, ಡಬ್ಬ ಬಿಚ್ಚಲು ಹಿಂಜರಿಯದವರಿಗೂ, ರಿಯಲ್‌ಟೆಕ್ 8111 ಚಿಪ್ಪಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಇನ್ನೂ ಗಟ್ಟಿ ಆಯ್ಕೆ. ಸಣ್ಣ ಡಬ್ಬವಾದರೆ ಗಿಡ್ಡ ಪಟ್ಟಿಯದ್ದನ್ನೇ (ಲೋ ಪ್ರೊಫೈಲ್) ಕೇಳಿ ತೆಗೆದುಕೊಳ್ಳಬೇಕು.

ಹೆಸರಿಲ್ಲದ ಅಗ್ಗದ ಅಡಾಪ್ಟರುಗಳನ್ನು ಮಾತ್ರ ದೂರ ಇಡಿ. ಕೆಲವು ‘ಯುಎಸ್‌ಬಿ 2.0’ ಎಂದು ಬರೆದುಕೊಂಡು ನಡೆಯುವುದು 12 ಎಂಬಿಪಿಎಸ್‌ನ ಹಳೆಯ ಯುಎಸ್‌ಬಿ ವೇಗದಲ್ಲಿ. ‘ಎಲ್‌ಎಸ್‌ಯುಎಸ್‌ಬಿ -ಟಿ’ಯಲ್ಲಿ 12ಎಂ ಎಂದು ಕಂಡ ಕೂಡಲೇ ಅಂಗಡಿಗೆ ಹಿಂದೆ ಕೊಡಿ. ಒಂದೇ ಮ್ಯಾಕ್ ವಿಳಾಸ ಹೊತ್ತು ಬರುವವೂ ಇವೆ. ಶಾಲೆಯ ಲ್ಯಾಬಿನಲ್ಲಿ ಅಂಥ ಎರಡನ್ನು ಸಿಕ್ಕಿಸಿದರೆ ಎರಡು ಕಂಪ್ಯೂಟರೂ ಸರದಿಯಲ್ಲಿ ಬಿಟ್ಟುಹೋಗುತ್ತವೆ.

ಹೊಸ ಅಡಾಪ್ಟರ್ ಹಾಕಿದ ಮೇಲೆ ಸತ್ತ ಪೋರ್ಟನ್ನು ಬಯಾಸಿನಲ್ಲಿ ಡಿಸೇಬಲ್ ಮಾಡಿ, ಇಲ್ಲವಾದರೆ ಅರ್ಧ ಜೀವದ ಚಿಪ್ ಬೂಟ್ ಆಗುವಾಗ ತಡ ಮಾಡಿಸಬಹುದು. ಯುಎಸ್‌ಬಿ ಅಡಾಪ್ಟರ್ ಸಿಡಿಲನ್ನು ತಡೆಯುತ್ತದೆ ಎಂದು ನಂಬಬೇಡಿ. ಅದನ್ನು ಸುಟ್ಟು ಯುಎಸ್‌ಬಿ ಮೂಲಕ ಮದರ್‌ಬೋರ್ಡಿಗೂ ಹೋಗಬಹುದು. ಮೋಡ ಕಟ್ಟುವಾಗಲೇ, ಗುಡುಗು ಕೇಳಿಸುವ ಮೊದಲೇ ಮೂರನ್ನು ಕೀಳಬೇಕು: ಕಂಪ್ಯೂಟರಿನ ಪ್ಲಗ್, ಮೋಡೆಮಿನ ಪ್ಲಗ್, ನಡುವಿನ ಲ್ಯಾನ್ ಕೇಬಲ್. ಸ್ವಿಚ್ ಆಫ್ ಮಾಡಿದರೆ ಸಾಲದು. ಕಿತ್ತ ಕೇಬಲ್ಲಿನ ತುದಿಯನ್ನು ಕಬ್ಬಿಣದ ಮೇಜಿನ ಮೇಲೋ ಟವರಿನ ಮೇಲೋ ಇಡಬೇಡಿ, ನಾಲ್ಕಡಿ ದೂರ ಗೋಡೆಯ ಮೊಳೆಗೆ ಸುತ್ತಿ ಹಾಕಿ. ಗುಡುಗು ಸಿಡಿಲು ಶುರುವಾದ ಮೇಲೆ ಕೀಳಲು ಹೋಗಬೇಡಿ, ಆಗ ಆ ತಂತಿಯನ್ನು ಕೈಯಲ್ಲಿ ಮುಟ್ಟುವುದೇ ಅಪಾಯ.