ದನದ ಡಾಕ್ಟರ ಕಿಸೆಯಲ್ಲಿ ಪಾಮ್ ಟಿಎಕ್ಸ್

2005ರ ಜುಲೈ. ದೇವನಳ್ಳಿ ಕಡೆಯ ಒಂದು ಕೊಟ್ಟಿಗೆಯಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಶಿರಸಿಗೆ ಬರುವಷ್ಟರಲ್ಲಿ ಮಳೆ ರೇನ್‌ಕೋಟಿನ ಒಳಗೂ ಇಳಿದಿತ್ತು. ಮನೆಗೆ ಬಂದು ಡೈರಿ ಬಿಡಿಸಿದರೆ ಮೂರು ತಿಂಗಳ ಬರಹವೆಲ್ಲ ನೀಲಿ ನೀರು. ಯಾವ ಮನೆಯ ಯಾವ ದನಕ್ಕೆ ಯಾವತ್ತು ಕೃತಕ ಗರ್ಭಧಾರಣೆ ಮಾಡಿದ್ದೆ, ಯಾವುದರ ಗಬ್ಬ ಪರೀಕ್ಷೆ ಬಾಕಿ ಇತ್ತು, ಒಂದೂ ಉಳಿಯಲಿಲ್ಲ. ಮನೆಮನೆಗೆ ಫೋನ್ ಮಾಡಿ ಕೇಳಿ ಮತ್ತೆ ಬರೆದುಕೊಂಡೆ. ಅರ್ಧ ಜನರಿಗೆ ‘ಮಳೆ ಹಿಡಿಯುವುದಕ್ಕೆ ನಾಲ್ಕು ದಿನ ಮುಂಚೆ’ ಅನ್ನುವಷ್ಟೇ ನೆನಪಿತ್ತು.

ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್, ಅಂದರೆ ಅಂಗೈ ಡೈರಿಯೊಂದನ್ನು ಕೊಳ್ಳಲೇಬೇಕು ಅಂತ ಆಗ ತೀರ್ಮಾನಿಸಿದೆ. ಅಮೆರಿಕದಲ್ಲಿದ್ದ ಭಾವ ಊರಿಗೆ ಬರುವುದು ಮಾರ್ಚಿಗೆ. ಅಲ್ಲಿಯವರೆಗಿನ ಎಂಟು ತಿಂಗಳು ಸೈಬರ್ ಕೆಫೆಯಲ್ಲಿ ಕೂತು ಓದಿದ್ದೇ ಓದಿದ್ದು. ಪಾಮ್ ಕಂಪನಿಯದೇ ನಾಲ್ಕು ಇದ್ದವು. 99 ಡಾಲರಿನ ಝಡ್22 ಅಗ್ಗ, ಆದರೆ ತಂತಿಯಿಲ್ಲದ ಸಂಪರ್ಕ ಅಂದರೆ ಇನ್‌ಫ್ರಾರೆಡ್ ಮಾತ್ರ, ಕಾರ್ಡ್ ಹಾಕುವುದಕ್ಕೆ ಜಾಗವೂ ಇಲ್ಲ. 249 ಡಾಲರಿನ ಟಂಗ್‌ಸ್ಟನ್ ಇ2ರಲ್ಲಿ ಬ್ಲೂಟೂತ್ ಇತ್ತು, ವೈಫೈ ಬೇಕಾದರೆ ಬೇರೆ ಕಾರ್ಡ್ ಕೊಳ್ಳಬೇಕು. 499 ಡಾಲರಿನ ಲೈಫ್‌ಡ್ರೈವ್‌ನಲ್ಲಿ ಎರಡೂ ಇದ್ದವು, ಜೊತೆಗೆ 4 ಜಿಬಿ ಜಾಗ. ಆದರೆ ಆ 4 ಜಿಬಿ ಇದ್ದದ್ದು ಒಳಗೆ ತಿರುಗುವ ಪುಟ್ಟ ಹಾರ್ಡ್ ಡಿಸ್ಕಿನಲ್ಲಿ. ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಮಣ್ಣುರಸ್ತೆಯಲ್ಲಿ ಬೈಕ್ ಹೊಡೆಯುವವನ ಕಿಸೆಗೆ ಅದು ಆಗಿಬರುವ ಸಾಮಾನಲ್ಲ. ಉಳಿದದ್ದು 299 ಡಾಲರಿನ ಟಿಎಕ್ಸ್. 2005ರ ಅಕ್ಟೋಬರಿನಲ್ಲಷ್ಟೇ ಬಂದಿತ್ತು. ಬ್ಲೂಟೂತ್, ವೈಫೈ ಎರಡೂ ಇವೆ, 320x480 ಪರದೆ, 128 ಎಂಬಿ ಫ್ಲಾಶ್ ಮೆಮೊರಿ.

ನನ್ನನ್ನು ಒಪ್ಪಿಸಿದ್ದು ಈ ಫ್ಲಾಶ್ ಮೆಮೊರಿ. ಅದಕ್ಕೂ ಹಿಂದಿನ ಎಷ್ಟೋ ಅಂಗೈ ಯಂತ್ರಗಳಲ್ಲಿ, ಪಾಮ್ ಆಗಲಿ ವಿಂಡೋಸ್‌ನ ಪಾಕೆಟ್ ಪಿಸಿ ಆಗಲಿ, ಬರೆದದ್ದೆಲ್ಲ ಕೂರುತ್ತಿದ್ದದ್ದು ಬ್ಯಾಟರಿ ಬಲದ ಮೆಮೊರಿಯಲ್ಲಿ. ಬ್ಯಾಟರಿ ಪೂರ್ತಿ ಇಳಿದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ನಮ್ಮಲ್ಲಿ ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿತ್ತು ಅಂದರೆ ನಾಲ್ಕೈದು ದಿನ ಕರೆಂಟಿನ ಮುಖ ಕಾಣುವುದಿಲ್ಲ. ಅಂಥ ಊರಿಗೆ ಆ ಯಂತ್ರಗಳು ಬೇಡ ಅಂತ ಓದಿದ ಕೂಡಲೇ ಬಿಟ್ಟೆ. ಟಿಎಕ್ಸ್ ಹಾಗಲ್ಲ. ಒಂದು ಆಗಸ್ಟಿನಲ್ಲಿ ನಾಲ್ಕು ದಿನ ಸತ್ತು ಮಲಗಿತ್ತು, ಚಾರ್ಜಿಗೆ ಹಾಕಿದಾಗ ಒಂದಕ್ಷರವೂ ಕಡಿಮೆ ಇರಲಿಲ್ಲ.

ಕೆಲಸದ ಲೆಕ್ಕ ಹೀಗೆ. ದನಕ್ಕೆ ಗರ್ಭಧಾರಣೆ ಮಾಡಿದ ದಿನವನ್ನು ಎಕ್ಸೆಲ್ ತರಹದ ಹಾಳೆಯಲ್ಲಿ ಹಾಕಿದರೆ ನಾಲ್ಕು ತಾರೀಖು ಬರುವ ಹಾಗೆ ಸೂತ್ರ ಬರೆದಿಟ್ಟಿದ್ದೆ. ಟಿಎಕ್ಸ್ ಜೊತೆ ಬಂದ ಡಾಕ್ಯುಮೆಂಟ್ಸ್ ಟು ಗೋ ಅದಕ್ಕೆ ಧಾರಾಳ ಸಾಕು. 2006ರ ಜೂನ್ 10ಕ್ಕೆ ಮಾಡಿದ್ದರೆ, 21 ದಿನಕ್ಕೆ ಜುಲೈ 1: ಮತ್ತೆ ಬೆದೆಗೆ ಬಂತೇ ನೋಡಬೇಕು. 90 ದಿನಕ್ಕೆ ಸೆಪ್ಟೆಂಬರ್ 8: ಗಬ್ಬ ಪರೀಕ್ಷೆ. 220 ದಿನಕ್ಕೆ ಜನವರಿ 16: ಹಾಲು ಬತ್ತಿಸಲು ಹೇಳಬೇಕು. 280ಕ್ಕೆ ಮಾರ್ಚ್ 17: ಕರು. ಎಮ್ಮೆಗಾದರೆ ಕೊನೆಯದು 310. ನಾಲ್ಕನ್ನೂ ಕ್ಯಾಲೆಂಡರಿಗೆ ಕೈಯಾರೆ ಹಾಕಬೇಕಿತ್ತು. ಎರಡು ನಿಮಿಷದ ಕೆಲಸ, ಕೊಟ್ಟಿಗೆಯ ಹೊರಗೆ ಕೈ ತೊಳೆದು ಚಾ ಬರುವಷ್ಟರಲ್ಲಿ ಮುಗಿಯುತ್ತಿತ್ತು.

ಜೂನ್ 10ರ ಆ ದನ ಒಬ್ಬ ಅಜ್ಜಿಯ ಮನೆಯ ಗೌರಿ. ಮಾರ್ಚ್ 15ರ ರಾತ್ರಿ ಫೋನ್ ಬಂತು. ಗೌರಿ ಮೇವು ಬಿಟ್ಟಿದೆ, ಏಳುತ್ತದೆ, ಮಲಗುತ್ತದೆ, ಹೊಟ್ಟೆಯ ಕಡೆ ತಿರುಗಿ ನೋಡುತ್ತದೆ. ಹೊಟ್ಟೆನೋವಿಗೂ ದನ ಹೀಗೇ ಮಾಡುತ್ತದೆ. “ಡಾಕ್ಟ್ರೇ, ನಿಮ್ಮ ಪೆಟ್ಟಿಗೆ ಎಂತ ಹೇಳ್ತು?” ಅಂತ ಅಜ್ಜಿಯೇ ಕೇಳಿದರು. ಕ್ಯಾಲೆಂಡರ್ ಗುಂಡಿ ಒತ್ತಿದೆ. ಯಂತ್ರ ಆರಿದ್ದರೂ ಆ ಗುಂಡಿ ಒತ್ತಿದರೆ ನೇರ ಇವತ್ತಿನ ಪುಟವೇ ತೆರೆಯುತ್ತದೆ. “ನಾಡಿದ್ದಿಗೆ 280 ತುಂಬ್ತದೆ ಅಮ್ಮ, ಬಂದೆ” ಅಂದು ಹೆರಿಗೆಯ ಹಗ್ಗ, ಉದ್ದ ಕೈಗವಸು ಎತ್ತಿಕೊಂಡು ಹೊರಟೆ. ಹೋಗಿ ನೋಡಿದರೆ ಬಾಲದ ಬುಡದ ಎರಡೂ ಕಡೆ ಗುಂಡಿ ಬಿದ್ದಿತ್ತು, ಕೆಚ್ಚಲು ಬಿಗಿದಿತ್ತು, ಕರು ಹಾಕುವ ಲಕ್ಷಣವೇ. ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು, ಸರಿಮಾಡಿ ತೆಗೆಯುವಾಗ ಬೆಳಗಿನ ಜಾವ ನಾಲ್ಕೂವರೆ. ಹೆಣ್ಣು ಕರು. ಆ ತಾರೀಖು ಕೈಯಲ್ಲಿ ಇಲ್ಲದಿದ್ದರೆ ಹೊಟ್ಟೆನೋವಿನ ಔಷಧಿ ಹೇಳಿ ಬೆಳಿಗ್ಗೆ ಬರುತ್ತೇನೆ ಅಂದುಬಿಡುತ್ತಿದ್ದೆನೋ ಏನೋ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮಳೆಯಲ್ಲಿ ಬಳಸುವವರಿಗೆ ಒಂದು ಮಾತು. ಟಿಎಕ್ಸ್‌ನ ಪರದೆ ಒತ್ತಡಕ್ಕೆ ಸ್ಪಂದಿಸುವಂಥದ್ದು. ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿದರೂ ಹೊರಗಿನಿಂದ ಉಗುರಿನಲ್ಲಿ ಬರೆಯಬಹುದು. ಈಗಿನ ಸ್ಮಾರ್ಟ್‌ಫೋನಿನ ಪರದೆ ಮೇಲೆ ನಾಲ್ಕು ಹನಿ ಬಿದ್ದರೆ ಅದು ತನಗೆ ತೋಚಿದ್ದನ್ನೆಲ್ಲ ತೆರೆಯುತ್ತದೆ. ಶಿರಸಿಯ ಜುಲೈನಲ್ಲಿ ಇದೇನು ಸಣ್ಣ ವ್ಯತ್ಯಾಸ ಅಲ್ಲ. ರಾತ್ರಿ ಮನೆಯಲ್ಲಿ ಅದನ್ನು ಸ್ಟೀಲ್ ಡಬ್ಬಿಯಲ್ಲಿ, ಔಷಧಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತಿದ್ದೆ. ಮುಂದೆ ಕುಮಟಾಕ್ಕೆ ವರ್ಗವಾದಾಗ ಕಡಲ ಉಪ್ಪುಗಾಳಿಗೂ ಅದೇ ಉಪಾಯ.

ಕನ್ನಡ ಬರುವುದಿಲ್ಲ. ಯಂತ್ರವನ್ನು ನಡೆಸುವ ಪಾಮ್ ಓಎಸ್‌ಗೆ ಎಲ್ಲ ಲಿಪಿಗಳಿಗೂ ಜಾಗ ಕೊಡುವ ಯೂನಿಕೋಡ್ ಗೊತ್ತೇ ಇಲ್ಲ. ಊರು, ಮನೆತನ, ದನದ ಹೆಸರು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಅದೂ ಗ್ರಾಫಿಟಿ 2 ಅನ್ನುವ ಅದರದೇ ಲಿಪಿಯಲ್ಲಿ. ಅದರಲ್ಲಿ ಕೆ ಮತ್ತು ಟಿಗೆ ಎರಡೆರಡು ಗೆರೆ ಎಳೆಯಬೇಕು. ಕಟ್ಟೆಕೊಪ್ಪ, ಕೊಟ್ಟಿಗೆಮನೆ ತರಹದ ಹೆಸರು ಬರೆಯುವಾಗ ಗೆರೆಗಳೇ ಗೆರೆಗಳು. ಹದಿನೈದು ದಿನದಲ್ಲಿ ಕೈ ಕೂತಿತು, ಆದರೆ ‘ಗೌರಿ’ ಅಂತ ನನ್ನ ಅಕ್ಷರದಲ್ಲಿ ಬರೆಯಲಾಗದ ಬೇಸರ ಮಾತ್ರ ಕೊನೆವರೆಗೂ ಹೋಗಲಿಲ್ಲ.

ಇನ್ನು ತಂತಿಯಿಲ್ಲದ ಜೋಡಣೆ. ಈ ವಿಷಯದಲ್ಲಿ ನಾನು ಕಳೆದ ರಾತ್ರಿಗಳು ಬೇರೆಯವರಿಗೆ ಉಳಿಯಲಿ ಅಂತ ವಿವರವಾಗಿ ಬರೆಯುತ್ತೇನೆ.

ಮೊದಲು ಮಾಡಿದ್ದು ಬ್ಲೂಟೂತಿನಲ್ಲಿ ಮೊಬೈಲಿಗೆ ಜೋಡಿಸಿ ಜಿಪಿಆರ್‌ಎಸ್, ಅಂದರೆ ಆಗಿನ ಮೊಬೈಲ್ ಇಂಟರ್ನೆಟ್ ಪಡೆಯುವುದು. ಎರಡನ್ನೂ ಪರಸ್ಪರ ಪರಿಚಯಿಸಿ, ನಂಬರಿನ ಜಾಗದಲ್ಲಿ *99# ಕೊಟ್ಟರೆ ಮೊಬೈಲು ಮೋಡೆಮ್ ಆಗುತ್ತದೆ. ಎರಡು ವಾರ ಒದ್ದಾಡಿದರೂ ಆಗಲಿಲ್ಲ. ಮೊಬೈಲ್ ಕಂಪನಿಯ ಸಹಾಯವಾಣಿಯವರು ಪ್ರತಿ ಸಲ ಫೋನ್ ಆರಿಸಿ ಹೊತ್ತಿಸಿ ಅಂದರು. ಆಮೇಲೆ ಗೊತ್ತಾದದ್ದು, ನನಗೆ ಕೊಟ್ಟದ್ದು ಫೋನಿನ ಪರದೆಗೆಂದೇ ಮಾಡಿದ ವ್ಯಾಪ್ ಪುಟ ನೋಡುವ ಯೋಜನೆ ಮಾತ್ರ, ಮೋಡೆಮ್ ಆಗಿ ಬಳಸುವುದಕ್ಕೆ ಬೇರೆ ಯೋಜನೆ ಬೇಕು. ಅದನ್ನು ಮೊದಲ ದಿನವೇ ಹೇಳಬಹುದಿತ್ತು. ಹಾಕಿಸಿಕೊಂಡ ಮೇಲೆ ಮೇಲ್ ಬಂತು, ಹೋಯಿತು, ಆದರೆ ಘಟ್ಟದ ಹಳ್ಳಿಗಳಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಒಂದು ವರ್ಷವಾದ ಮೇಲೆ ಅದನ್ನು ಬಿಟ್ಟೆ.

2008ರಲ್ಲಿ ಮನೆಗೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು, ವೈಫೈ ಮೋಡೆಮ್ ಸಮೇತ. ಟಿಎಕ್ಸ್‌ಗೆ ಅರ್ಥವಾಗುವುದು ವೈಫೈನ ಹಳೆಯ ಬಗೆಯಾದ 802.11ಬಿ ಮಾತ್ರ, ಅದರ ನಂತರದ ‘ಜಿ’ ಅಲ್ಲ. ಮೋಡೆಮಿನಲ್ಲಿ ‘ಜಿ ಮಾತ್ರ’ ಅಂತ ಇದ್ದದ್ದನ್ನು ‘ಬಿ/ಜಿ ಮಿಕ್ಸೆಡ್’ ಮಾಡಿದ ಮೇಲೆ ಹೆಸರು ಕಾಣಿಸಿತು. ಗುಪ್ತಪದಕ್ಕೆ ಡಬ್ಲ್ಯೂಪಿಎ ಅನ್ನುವ ಭದ್ರತಾ ವಿಧಾನ ಇಡಬೇಕಿತ್ತು. ಅಂತರ್ಜಾಲ ನೋಡುವುದಕ್ಕಿಂತ ದೊಡ್ಡ ಲಾಭ ನೆಟ್‌ವರ್ಕ್ ಹಾಟ್‌ಸಿಂಕ್. ಯಂತ್ರದಲ್ಲಿರುವುದೂ ಕಂಪ್ಯೂಟರಿನಲ್ಲಿರುವುದೂ ಒಂದಕ್ಕೊಂದು ತಾಳೆಯಾಗುವುದಕ್ಕೆ ಹಾಟ್‌ಸಿಂಕ್ ಅನ್ನುತ್ತಾರೆ. ಮೊದಲ ಸಲ ಕೇಬಲ್ಲಿನಲ್ಲೇ ಮಾಡಿ, ಕಂಪ್ಯೂಟರಿನ ಹೆಸರು ಯಂತ್ರಕ್ಕೆ ತಿಳಿಯುತ್ತದೆ. ನಂತರ ಕಂಪ್ಯೂಟರಿನ ಹಾಟ್‌ಸಿಂಕ್ ಮ್ಯಾನೇಜರಿನಲ್ಲಿ ‘ನೆಟ್‌ವರ್ಕ್’ ಗುರುತು ಹಾಕಿ. ಫೈರ್‌ವಾಲ್‌ನಲ್ಲಿ 14238 ಟಿಸಿಪಿ, 14237 ಯುಡಿಪಿ ಪೋರ್ಟ್ ತೆರೆಯಿರಿ. ಕಂಪ್ಯೂಟರಿಗೆ ಐಪಿ ವಿಳಾಸ ಖಾಯಂ ಮಾಡಿ, ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ವಿಳಾಸ ಬದಲಾಗಿ ಯಂತ್ರ ಹುಡುಕುತ್ತಲೇ ಇರುತ್ತದೆ. ಇಷ್ಟಾದ ಮೇಲೆ ಊಟಕ್ಕೆ ಕೂರುವ ಮುಂಚೆ ಒಂದು ಗುಂಡಿ ಒತ್ತುವುದು ನನ್ನ ರೂಢಿಯಾಯಿತು.

ಅದರ ಬೆಲೆ ತಿಳಿದದ್ದು 2011ರಲ್ಲಿ. ಬ್ಯಾಟರಿಗೆ ವಯಸ್ಸಾಗಿ ಮಧ್ಯಾಹ್ನಕ್ಕೇ ಇಳಿಯತೊಡಗಿತ್ತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಬದಲಾಯಿಸಿಕೊಟ್ಟರು, ಆದರೆ ನನ್ನನ್ನು ಒಂದು ಮಾತೂ ಕೇಳದೆ ಹಾರ್ಡ್ ರೀಸೆಟ್ ಮಾಡಿದ್ದರು. ಬಸ್ಸಿನಲ್ಲಿ ತೆರೆದು ನೋಡಿದರೆ ಹೊಸ ಯಂತ್ರದ ಹಾಗೆ ಖಾಲಿ. ಐದು ವರ್ಷದ ಲೆಕ್ಕ ಅದರಲ್ಲಿತ್ತು. ಯಲ್ಲಾಪುರ ದಾಟುವವರೆಗೂ ನಾನು ಯಾರ ಹತ್ತಿರವೂ ಮಾತಾಡಿಲ್ಲ. ಮನೆಗೆ ಬಂದು ಕೇಬಲ್ ಹಾಕಿ, ಹಳೆಯ ಬಳಕೆದಾರರ ಹೆಸರನ್ನೇ ಆರಿಸಿ ಸಿಂಕ್ ಮಾಡಿದೆ. ಪರದೆಯ ಮೇಲೆ ಕ್ಯಾಲೆಂಡರ್, ವಿಳಾಸ, ಟಿಪ್ಪಣಿ ಒಂದೊಂದೇ ಹೆಸರು ಬಂದು ಹೋಗುತ್ತಿತ್ತು, ಪಕ್ಕದಲ್ಲಿ ಹೆಂಡತಿ ನಿಂತು ನೋಡುತ್ತಿದ್ದಳು. ಎಲ್ಲ ಬಂತು. ಹೋದದ್ದು ಆ ದಿನ ಬೆಳಿಗ್ಗೆ ಬರೆದಿದ್ದ ಎರಡು ದನದ ವಿವರ ಅಷ್ಟೇ.

ಮರುವರ್ಷ ಕಂಪ್ಯೂಟರ್ ಬದಲಾಯಿಸಿದಾಗ ಹೊಸ ತೊಡಕು. 64 ಬಿಟ್ ವಿಂಡೋಸ್‌ಗೆ ಯುಎಸ್‌ಬಿ ಕೇಬಲ್ಲಿನ ಡ್ರೈವರನ್ನು ಪಾಮ್ ಕಂಪನಿ ಕೊಟ್ಟಿರಲಿಲ್ಲ. ಆಗ ಕೈ ಹಿಡಿದದ್ದು ಬ್ಲೂಟೂತ್. ಕಂಪ್ಯೂಟರಿಗೆ ಒಂದು ಬ್ಲೂಟೂತ್ ಡಾಂಗಲ್ ಚುಚ್ಚಿ, ಅದರ ಸೆಟ್ಟಿಂಗಿನಲ್ಲಿ ‘ಇನ್‌ಕಮಿಂಗ್’ ಕಾಮ್ ಪೋರ್ಟ್ ಒಂದನ್ನು ಮಾಡಿ, ಹಾಟ್‌ಸಿಂಕ್ ಮ್ಯಾನೇಜರಿನ ‘ಲೋಕಲ್ ಸೀರಿಯಲ್’ನಲ್ಲಿ ಅದೇ ಪೋರ್ಟ್ ನಂಬರ್ ಕೊಡಬೇಕು. ಡಾಂಗಲ್ ಬೇರೆ ತೂತಿಗೆ ಹಾಕಿದರೆ ಪೋರ್ಟ್ ನಂಬರ್ ಬದಲಾಗುತ್ತದೆ. ನಾನು ಕಂಪ್ಯೂಟರಿನ ಹಿಂಬದಿಯ ಒಂದು ತೂತಿಗೆ ಬಿಳಿ ಟೇಪ್ ಅಂಟಿಸಿ ಅಲ್ಲೇ ಹಾಕುತ್ತೇನೆ. ವೈಫೈಗಿಂತ ನಿಧಾನ, ಆದರೆ ತಪ್ಪುವುದಿಲ್ಲ.

2010ರಲ್ಲಿ ಪಾಮ್ ಎಚ್‌ಪಿಯ ಪಾಲಾಯಿತು, ಟಿಎಕ್ಸ್ ಅದಕ್ಕೂ ಮೊದಲೇ ನಿಂತಿತ್ತು. ನಾನು ನಿವೃತ್ತನಾಗುವವರೆಗೂ ಅದನ್ನೇ ದಿನಾ ಬಳಸಿದೆ. ಈಗ ಅದರಲ್ಲಿರುವುದು ನಮ್ಮ ಮನೆಯ ಮೂರು ಮಲೆನಾಡು ಗಿಡ್ಡ ದನಗಳ ಲೆಕ್ಕ. ಹಳೆಯದನ್ನು ಕೊಳ್ಳಬೇಕು ಅಂತ ಇಬ್ಬರು ಮೂವರು ಕಿರಿಯ ಸಹೋದ್ಯೋಗಿಗಳು ಕೇಳಿದ್ದಾರೆ. ಇಂಟರ್ನೆಟ್ಟಿಗಾಗಿ ಕೊಳ್ಳಬೇಡಿ, ಇವತ್ತಿನ ಸುರಕ್ಷಿತ ಪುಟಗಳು ಅದರ ಬ್ರೌಸರಿನಲ್ಲಿ ತೆರೆಯುವುದಿಲ್ಲ. ಅದಕ್ಕೋಸ್ಕರ ಮನೆಯ ವೈಫೈ ಭದ್ರತೆಯನ್ನು ಹಳೆಯ ಮಟ್ಟಕ್ಕೆ ಇಳಿಸುವುದೂ ಬೇಡ. ಸಿಂಕ್‌ಗೆ ಬ್ಲೂಟೂತ್ ಸಾಕು. ಎಲ್ಲವೂ ಯಂತ್ರದೊಳಗೇ ಇರಬೇಕು, ಸಿಗ್ನಲ್ ಇಲ್ಲದ ಕೊಟ್ಟಿಗೆಯಲ್ಲಿ ಒಂದೇ ಒತ್ತಿಗೆ ತೆರೆಯಬೇಕು, ಸಂಜೆ ಮನೆಯಲ್ಲಿ ನಕಲು ಉಳಿಯಬೇಕು ಅನ್ನುವವರು ಧೈರ್ಯವಾಗಿ ಕೊಳ್ಳಿ. ಕೊಳ್ಳುವಾಗ ಪವರ್ ಗುಂಡಿ ಹತ್ತು ಸಲ ಒತ್ತಿ ನೋಡಿ, ಪರದೆಯ ನಾಲ್ಕೂ ಮೂಲೆಯಲ್ಲಿ ಕಡ್ಡಿಯಿಂದ ಬರೆದು ನೋಡಿ, ಚಾರ್ಜರ್ ಜೊತೆಗೇ ಕೇಳಿ ಪಡೆಯಿರಿ. ಅದರ ಪಿನ್ನು ಬೇರೆ, ಮೊಬೈಲಿನ ಚಾರ್ಜರ್ ಅದಕ್ಕೆ ಹಿಡಿಯುವುದಿಲ್ಲ.