ಮಾಧ್ಯಗಳ ಅಸಮತೆಯೋ, ಕೋಶಿಯ ಅಸಮತೆಯೋ?

ಮೂರು ಚರಾಕ್ಷರಗಳ ಅಸಮತೆಯನ್ನು ಬಿಡಿಸಲು ಕುಳಿತ ವಿದ್ಯಾರ್ಥಿಗೆ, ಸಮಾಂತರ ಮತ್ತು ಗುಣೋತ್ತರ ಮಾಧ್ಯಗಳ ಅಸಮತೆಯನ್ನು (ಮೂರು ಧನ ಸಂಖ್ಯೆಗಳ ಸರಾಸರಿಯು ಅವುಗಳ ಗುಣಲಬ್ಧದ ಘನಮೂಲಕ್ಕಿಂತ ಕಡಿಮೆಯಾಗದು ಎಂಬುದನ್ನು) ಬಳಸಬೇಕೋ ಅಥವಾ 1821ರಲ್ಲಿ ಫ್ರೆಂಚ್ ಗಣಿತಜ್ಞ ಕೋಶಿ ಪ್ರಕಟಿಸಿದ, ಇಂದು ಕೋಶಿ–ಶ್ವಾರ್ಟ್ಸ್ ಎಂದು ಕರೆಯಲಾಗುವ ಅಸಮತೆಯನ್ನು (ವರ್ಗಗಳ ಎರಡು ಮೊತ್ತಗಳನ್ನು ಗುಣಿಸಿದರೆ, ಆ ಸಂಖ್ಯೆಗಳ ಜೋಡಿ ಗುಣಲಬ್ಧಗಳ ಮೊತ್ತದ ವರ್ಗಕ್ಕಿಂತ ಕಡಿಮೆಯಾಗದು ಎಂಬುದನ್ನು) ಬಳಸಬೇಕೋ ಎಂಬ ಗೊಂದಲ ಸಹಜ.

ಅ, ಬ, ಕ ಧನ ಸಂಖ್ಯೆಗಳು, ಅವುಗಳ ಮೊತ್ತ 1. ಆಗ 1/ಅ + 4/ಬ + 9/ಕ ಎಂಬುದರ ಕನಿಷ್ಠ ಬೆಲೆ ಎಷ್ಟು? ಈ ರಾಶಿಗೂ ಅ + ಬ + ಕ ಎಂಬ ಮೊತ್ತಕ್ಕೂ ಮಾಧ್ಯಗಳ ಅಸಮತೆಯನ್ನು ಬೇರೆ ಬೇರೆಯಾಗಿ ಅನ್ವಯಿಸಿ ಗುಣಿಸಿದರೆ ಸುಮಾರು 29.7 ಎಂಬ ಕೆಳಮಿತಿ ಸಿಗುತ್ತದೆ. ಅದು ಸುಳ್ಳಲ್ಲ; ಆದರೆ ಸಮತೆಗೆ ಒಂದು ಕಡೆ ಅ = ಬ = ಕ ಎಂದೂ ಇನ್ನೊಂದು ಕಡೆ 1/ಅ = 4/ಬ = 9/ಕ ಎಂದೂ ಆಗಬೇಕಿದ್ದು, ಇವೆರಡೂ ಒಟ್ಟಿಗೆ ಸಾಧ್ಯವಿಲ್ಲದ್ದರಿಂದ, ರಾಶಿಯು ಆ ಬೆಲೆಯನ್ನು ಎಂದೂ ಮುಟ್ಟುವುದಿಲ್ಲ. ಕೋಶಿಯ ದಾರಿಯಲ್ಲಿ (ಅ + ಬ + ಕ)(1/ಅ + 4/ಬ + 9/ಕ) ≥ (1 + 2 + 3)²; ಅ + ಬ + ಕ = 1 ಆದ್ದರಿಂದ ಒಂದೇ ಹೆಜ್ಜೆಗೆ 36 ಎಂಬ ಕೆಳಮಿತಿ ದೊರೆಯುತ್ತದೆ. ಅ = 1/6, ಬ = 1/3, ಕ = 1/2 ಎಂದಿಟ್ಟು ನೋಡಿ: 6 + 12 + 18, ಸರಿಯಾಗಿ 36. ಎಷ್ಟು ಚೆಂದದ ಹೊಂದಿಕೆ!

ಭಿನ್ನರಾಶಿಗಳ ಅಂಶಗಳಲ್ಲಿ ಹೀಗೆ ವರ್ಗಗಳು ಕಂಡರೆ ನಾನು ಕೋಶಿಯನ್ನೇ ಆರಿಸುತ್ತೇನೆ. ಗುಣಲಬ್ಧ ಸ್ಥಿರವಾಗಿದ್ದಾಗ, ಉದಾಹರಣೆಗೆ ಅಬಕ = 1 ಎಂದು ಕೊಟ್ಟಿದ್ದರೆ, ಮಾಧ್ಯಗಳ ಅಸಮತೆಯೇ ಹತ್ತಿರದ ದಾರಿ: ಅ + ಬ + ಕ ≥ 3.