ಬ್ಯಾರಲ್ ಕೊಂಡೆ, ಮತ್ತೆ ಬಾಟಲಿಗೇ ಬಂದೆ

ಮನೆಯಲ್ಲಿ ಮಾಡಿದ ಬಿಯರ್ ತುಂಬಿಡಲು ಬ್ಯಾರಲ್ಲೋ ಬಾಟಲಿಯೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಾಟಲಿಗೆ. ಅದೂ ಅರ್ಧ ಲೀಟರಿನ ಕಂದು ಪ್ಲಾಸ್ಟಿಕ್ ಬಾಟಲಿಗೆ. ಸುಮ್ನೆ ಹೇಳುತ್ತಿಲ್ಲ. 50 ಪೌಂಡ್ ಹತ್ತಿರ ಕೊಟ್ಟು ಪ್ರೆಶರ್ ಬ್ಯಾರಲ್ (ನಲ್ಲಿ, ಬಿಗಿ ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬ) ತಂದು, ಒಂದಿಡೀ ಬ್ಯಾಚ್ ಹಾಳು ಮಾಡಿಕೊಂಡ ಮೇಲೆ ಹೇಳುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ಇಲ್ಲಿ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಕಿಲ್ಲ, ಮಾರಬಾರದು ಅಷ್ಟೇ. (ಊರಲ್ಲಿ ಮಾಡಿ ನೋಡೋಣ ಅಂತ ಹೊರಡಬೇಡಿ. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಪರಾಧ.) ಬಿಯರ್ ಮಾಡುವ ಸಾಮಾನು ಸಿದ್ಧವಾಗಿ ಸಿಗುವ ಒಂದು ಕಿಟ್‌ಗೆ 40 ಪೈಂಟ್, ಅಂದರೆ ಸುಮಾರು 23 ಲೀಟರ್ ಆಗುತ್ತದೆ. ಹುದುಗು ಮುಗಿದ ದಿನ ಅದರಲ್ಲಿ ನೊರೆಯಿಲ್ಲ, ಚುರುಕಿಲ್ಲ, ಸಪ್ಪೆ ಕಷಾಯ. ಸ್ವಲ್ಪ ಸಕ್ಕರೆ ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ ಉಳಿದ ಯೀಸ್ಟ್ ಅದನ್ನು ತಿಂದು ಗ್ಯಾಸ್ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದೆ ಗ್ಯಾಸ್ ಬಿಯರಿನಲ್ಲೇ ಕರಗುತ್ತದೆ. ಯಾವುದರಲ್ಲಿ ಮುಚ್ಚಿಡಬೇಕು ಅನ್ನುವುದೇ ತಕರಾರು.

ಒಂದು ವರ್ಷ ಬಾಟಲಿಯಲ್ಲೇ ಮಾಡಿದೆ. 46 ಬಾಟಲಿ ತೊಳೆದು, ಸ್ಯಾನಿಟೈಸರ್ ಆಡಿಸಿ, ಒಂದೊಂದಕ್ಕೂ ಅರ್ಧ ಚಮಚ ಸಕ್ಕರೆ ಹಾಕಿ ತುಂಬುವಷ್ಟರಲ್ಲಿ ಶನಿವಾರ ಮುಗಿದೇ ಹೋಗುತ್ತಿತ್ತು. 'ಸಿಂಕು ಯಾವಾಗ ಬಿಡ್ತೀರಾ?' ಅಂತ ಹೆಂಡತಿ ಮೂರು ಸಲ ಬಂದು ಕೇಳುತ್ತಿದ್ದಳು. ಬ್ಯಾರಲ್ ಆದರೆ ಒಂದೇ ಡಬ್ಬ, ಒಂದೇ ಸಲ 85 ಗ್ರಾಂ ಸಕ್ಕರೆ, ಒಂದೇ ಮುಚ್ಚಳ. ಆಸೆ ಆಗದೆ ಇರುತ್ತದಾ?

ತುಂಬಿದೆ. ಕೈ ನೋಯುವಷ್ಟು ಬಿಗಿ ಮಾಡಿದೆ. ಬಾಯ್ಲರ್ ಪಕ್ಕದ ಬೆಚ್ಚಗಿನ ಮೂಲೆಯಲ್ಲಿ, ಇಡ್ಲಿ ಹಿಟ್ಟಿನ ಪಾತ್ರೆಗೆ ಜೊತೆಯಾಗಿ ಎರಡು ವಾರ ಇಟ್ಟೆ. ನಲ್ಲಿ ತಿರುಗಿಸಿದರೆ ಆರಿದ ಕಾಫಿ ಸುರಿದ ಹಾಗೆ ಸುರಿಯಿತು. ಒಂದು ಗುಳ್ಳೆ ಇಲ್ಲ.

ಯೀಸ್ಟ್ ಸತ್ತಿರಬೇಕು ಅಂದುಕೊಂಡೆ. ಮುಚ್ಚಳ ತೆಗೆದು ಇನ್ನಷ್ಟು ಸಕ್ಕರೆ ಹಾಕಿ, ಮೊದಲಿಗಿಂತ ಬಿಗಿಯಾಗಿ ತಿರುಗಿಸಿದೆ. ಹತ್ತು ದಿನ ಬಿಟ್ಟು ನೋಡಿದರೆ ಮತ್ತೆ ಅದೇ ಸಪ್ಪೆ. ಈ ಸಲ ಒದ್ದೆ ರಟ್ಟಿನ ವಾಸನೆ ಬೇರೆ. ಎರಡು ಸಲ ಗಾಳಿ ಕುಡಿದ ಬಿಯರ್ ಹಾಗೇ ಆಗುತ್ತದೆ.

ಆಮೇಲೆ ಹೊಳೆಯಿತು. ಊರಲ್ಲಿ ಸಿಲಿಂಡರ್ ಸೋರಿದರೆ ಏನು ಮಾಡುತ್ತಿದ್ದೆವು? ಸೋಪಿನ ನೀರು! ಮುಚ್ಚಳದ ವಾಲ್ವಿನಿಂದ ಒಂದು ಗ್ಯಾಸ್ ಬಲ್ಬ್ (ಕಾರ್ಬನ್ ಡೈಆಕ್ಸೈಡ್ ತುಂಬಿದ ಪುಟ್ಟ ಲೋಹದ ಸಿಲಿಂಡರ್) ಬಿಟ್ಟು, ಸುತ್ತ ಸೋಪಿನ ನೀರು ಸವರಿದೆ. ಒಂದೇ ಒಂದು ಜಾಗದಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಮುಚ್ಚಳ ಬಿಚ್ಚಿ ಬಾಯಿಯ ಅಂಚಿನ ಮೇಲೆ ಉಗುರು ಓಡಿಸಿದೆ. ಅಚ್ಚಿನ ಎರಡು ಭಾಗ ಕೂಡುವ ಕಡೆ ಪ್ಲಾಸ್ಟಿಕ್ಕಿನ ಗೆರೆ ಉಳಿದಿತ್ತು, ಕಣ್ಣಿಗೆ ಕಾಣದಷ್ಟು ಸಣ್ಣದು, ಉಗುರಿಗೆ ಮಾತ್ರ ತಗಲುತ್ತಿತ್ತು. ಅದು ಸಾಲದು ಅಂತ, ನಾನು ಬಿಗಿ ಮಾಡಿದ ಅಬ್ಬರಕ್ಕೆ ರಬ್ಬರ್ ರಿಂಗ್ ತಿರುಚಿಕೊಂಡು ಪಕ್ಕಕ್ಕೆ ಸರಿದಿತ್ತು. ಕುಕ್ಕರ್ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಎಷ್ಟು ಒತ್ತಿದರೂ ವಿಶಲ್ ಬರುವುದಿಲ್ಲ, ಅಲ್ವಾ? ಅದೇ ಕಥೆ. ಕುಕ್ಕರಿನಲ್ಲಿ ಐದು ನಿಮಿಷಕ್ಕೆ ಗೊತ್ತಾಗುತ್ತದೆ, ಇಲ್ಲಿ ಗೊತ್ತಾಗಲು ಮೂರೂವರೆ ವಾರ ಬೇಕಾಯಿತು.

ಆ ಬಿಯರಿನಲ್ಲಿ ಒಂದು ಲೋಟ ಈರುಳ್ಳಿ ಬಜ್ಜಿ ಹಿಟ್ಟಿಗೆ ಹೋಯಿತು. ಉಳಿದದ್ದು ಸಿಂಕಿಗೆ.

ನುಣುಪಾದ ಮರಳು ಕಾಗದದಲ್ಲಿ ಗೆರೆ ಉಜ್ಜಿದೆ. ರಿಂಗಿಗೆ ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸ್ ಸವರಿ, ಹದವಾಗಿ ಮಾತ್ರ ಬಿಗಿ ಮಾಡಿದೆ. ಮುಂದಿನ ಬ್ಯಾಚ್ ಚೆನ್ನಾಗಿಯೇ ಬಂತು. ಬಿಟರ್ ಅನ್ನುವ ಇಂಗ್ಲಿಷ್ ಬಿಯರಿಗೆ ಬೇಕಾದ ಮೆತ್ತನೆಯ ನೊರೆ, ಪಬ್‌ನಲ್ಲಿ ಕೊಟ್ಟ ಹಾಗೆ. ಇದನ್ನು ಬಾಟಲಿ ಕೊಡುವುದಿಲ್ಲ, ಒಪ್ಪುತ್ತೇನೆ.

ಆದರೆ ನಾನು ಕುಡಿಯುವುದು ವಾರಕ್ಕೆ ಮೂರು ಪೈಂಟ್. ಹೆಂಡತಿ ಮುಟ್ಟುವುದಿಲ್ಲ. ಬ್ಯಾರಲ್ ಅರ್ಧ ಖಾಲಿಯಾದರೆ ಮೇಲೆ ಹನ್ನೊಂದು ಲೀಟರಿನಷ್ಟು ಖಾಲಿ ಜಾಗ. 8 ಗ್ರಾಂ ಬಲ್ಬಿನಲ್ಲಿ ಬರುವುದು ಸುಮಾರು ನಾಲ್ಕು ಲೀಟರ್ ಗ್ಯಾಸ್. ಬಲ್ಬಿನ ಮೇಲೆ ಬಲ್ಬು ಕೊಳ್ಳುತ್ತಾ ಇರಬೇಕು. ಇಲ್ಲದಿದ್ದರೆ ನಲ್ಲಿಯೇ ಗುಳುಗುಳು ಅಂತ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಮತ್ತೆ ರಟ್ಟಿನ ವಾಸನೆ. ಫ್ರಿಜ್ಜಿನಲ್ಲಿ ಹಿಡಿಸುವುದೂ ಇಲ್ಲ.

ಪ್ಲಾಸ್ಟಿಕ್ ಬಾಟಲಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ: ಹೆಬ್ಬೆರಳಲ್ಲಿ ಒತ್ತಿ ನೋಡಬಹುದು. ಮೊದಲ ದಿನ ಮೆತ್ತಗೆ, ಮೂರನೇ ದಿನ ಸ್ವಲ್ಪ ಗಟ್ಟಿ, ವಾರ ಕಳೆದರೆ ಕಲ್ಲು. ಒಂದು ಮೆತ್ತಗೇ ಉಳಿದರೆ ಅದರ ಮುಚ್ಚಳ ಸರಿಯಿಲ್ಲ ಅಂತ ಅವತ್ತೇ ಗೊತ್ತಾಗುತ್ತದೆ. ಹೋದರೆ ಅರ್ಧ ಲೀಟರ್ ಹೋಯಿತು. ಗೆಳೆಯರ ಮನೆಗೆ ಊಟಕ್ಕೆ ಹೋಗುವಾಗ ನಾಲ್ಕು ಬಾಟಲಿ ಚೀಲಕ್ಕೆ ಹಾಕಿಕೊಂಡು ಹೋಗಬಹುದು. ಬ್ಯಾರಲ್ ಹೊತ್ತುಕೊಂಡು ಯಾರ ಮನೆಗೆ ಹೋಗಲಿ?

ಗಾಜಿನ ಬಾಟಲಿ ನೋಡಲು ಚೆಂದ, ಜಾಸ್ತಿ ದಿನ ಇಡಬಹುದು. ಆದರೆ ಕ್ಯಾಪ್ ಒತ್ತುವ ಯಂತ್ರ ಬೇಕು. ಸಕ್ಕರೆ ಹೆಚ್ಚಾದರೆ ಸಿಡಿಯುತ್ತದೆ. ಮನೆಯಲ್ಲಿ ಮಗು ಇದೆ, ಬೇಡ.

19 ಲೀಟರಿನ ಸ್ಟೀಲ್ ಕೆಗ್ (ಸ್ಟೀಲಿನ ಬಿಯರ್ ಪೀಪಾಯಿ) ಎಲ್ಲಕ್ಕಿಂತ ಒಳ್ಳೆಯದು ಅನ್ನುತ್ತಾರೆ. ಸಿಲಿಂಡರ್, ರೆಗ್ಯುಲೇಟರ್ ಎಲ್ಲ ಸೇರಿಸಿ ಲೆಕ್ಕ ಹಾಕಿದೆ, ಸುಮ್ಮನಾದೆ.

ನಿಮ್ಮ ಮನೆಗೆ ಪ್ರತಿ ಶುಕ್ರವಾರ ನಾಲ್ಕು ಜನ ಬರುತ್ತಾರಾ? ಬ್ಯಾರಲ್ ತೆಗೆದುಕೊಳ್ಳಿ, ಸೋರುವ ಮೊದಲೇ ಖಾಲಿಯಾಗುತ್ತದೆ. ಆದರೆ ಮೊದಲು ನೀರು ತುಂಬಿ, ಬಲ್ಬ್ ಬಿಟ್ಟು, ಸೋಪು ಸವರಿ ನೋಡಿ. ನನ್ನದು ಗ್ಯಾರೇಜಿನಲ್ಲಿದೆ, ಕ್ರಿಸ್‌ಮಸ್‌ಗೆ ಮಾತ್ರ ಹೊರಗೆ ಬರುತ್ತದೆ. ನಾಳೆ ಶನಿವಾರ. ಬಾಟಲಿಗಳನ್ನು ಇವತ್ತು ರಾತ್ರಿಯೇ ನೆನೆಹಾಕಿದ್ದೇನೆ, ಸಿಂಕಿನಲ್ಲಲ್ಲ, ಬಚ್ಚಲ ಟಬ್ಬಿನಲ್ಲಿ.